ತುದಿ ಮುರಿಯದ ಮಾದಲ ಹಣ್ಣು

ಮಾದಲ ಹಣ್ಣಿನ ವಾಸನೆ ಬಂದರೆ ಇವತ್ತಿಗೂ ನನಗೆ ಸಣ್ಣಗೆ ಭಯವಾಗುತ್ತದೆ.

ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಯೆಹೂದಿ ತಾತ, ಊರಲ್ಲಿದ್ದ ಅವರ ಜನದ ನಾಲ್ಕಾರು ಮನೆಗಳಿಗೆ ಪ್ರಾರ್ಥನೆ ನಡೆಸಿಕೊಡುತ್ತಿದ್ದವರು. ವರ್ಷಕ್ಕೊಮ್ಮೆ ತಾರಸಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿ ಏಳು ದಿನ ಅಲ್ಲೇ ಊಟ ಮಾಡುತ್ತಿದ್ದರು. ನಾವು ಅದನ್ನು ಚಪ್ಪರದ ಹಬ್ಬ ಅನ್ನುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಒಂದು ವರ್ಷ, ಹಬ್ಬಕ್ಕೆ ಎರಡು ದಿನ ಮುಂಚೆ, ಒಂದು ಮಾದಲ ಹಣ್ಣು ನನ್ನ ಕೈಗಿಟ್ಟು, "ನಿಮ್ಮ ಫ್ರಿಜ್ಜಲ್ಲಿಡು ಪುಟ್ಟಿ. ಹಬ್ಬದ ಪ್ರಾರ್ಥನೆಗೆ ಬೇಕು ಅಂತ ಅಜ್ಜಿಗೆ ಹೇಳು" ಅಂದರು. ಇಟ್ಟೆ. ಹೇಳುವುದನ್ನು ಮರೆತೆ.

ಎರಡು ದಿನ ಬಿಟ್ಟು ಮಧ್ಯಾಹ್ನ ತಾತ ಇಳಿದು ಬಂದಾಗ ಅಜ್ಜಿ ಈಳಿಗೆಮಣೆ ಪಕ್ಕಕ್ಕಿಟ್ಟು ಅದೇ ಹಣ್ಣಿನ ಹೋಳುಗಳಿಗೆ ಉಪ್ಪಿನಕಾಯಿಗೆಂದು ಉಪ್ಪು ಬೆರೆಸುತ್ತಿದ್ದಳು. ಅವರು ಬಗ್ಗಿ ಒಂದು ಹೋಳು ಎತ್ತಿ ನೋಡಿದರು.

"ಹೋಗ್ಲಿ ಬಿಡಿ ಅಮ್ಮಾ. ಸಂಜೆಗೆ ಹಬ್ಬ. ತುದಿಯ ಮೊಗ್ಗು ಮುರಿದಿದ್ರೇ ನಮಗೆ ಆ ಹಣ್ಣು ಆಗಲ್ಲ, ಇದು ಹೋಳೇ ಆಗೋಗಿದೆ" ಅಂದು ನಕ್ಕರು.

ಅಜ್ಜಿ ನಗಲಿಲ್ಲ. ತುದಿ ಹರಿದ ವೀಳ್ಯದೆಲೆಯನ್ನು ದೇವರ ಮುಂದಿಡದ ಹೆಂಗಸು ಅವಳು. ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೆ ವಾಸಿಯಿತ್ತು. ಕೈ ತೊಳೆದು ಚಪ್ಪಲಿ ಮೆಟ್ಟಿ, "ಬನ್ನಿ, ಹೊತ್ತು ಮುಳುಗೋದ್ರೊಳಗೆ ತರೋಣ" ಅಂದಳು.

ಗಾಂಧಿ ಬಜಾರಿನಲ್ಲಿ ಬುಟ್ಟಿಯ ಹಣ್ಣನ್ನೆಲ್ಲ ಒಂದೊಂದಾಗಿ ತಿರುಗಿಸಿ ತುದಿ ನೋಡುತ್ತಾ ಕೂತಳು. ಹಣ್ಣಿನವನಿಗೆ ರೇಗಿತು.

"ಉಪ್ಪಿನಕಾಯಿಗೆ ಯಾವುದಾದ್ರೇನಮ್ಮಾ?"

"ಉಪ್ಪಿನಕಾಯಿಗಲ್ಲಪ್ಪಾ" ಅಂದಳು ಅಜ್ಜಿ, ತಲೆ ಎತ್ತದೆ. "ನಮ್ಮನೇಲಿ ಹಬ್ಬ."