ರೆಪ್ಪೆಯ ಬಣ್ಣ

ವಾರ್ಷಿಕೋತ್ಸವಕ್ಕೆ ಮುನ್ನ ಚಿತ್ರಕಲಾ ಶಾಲೆಯ ಹಳೆಯ ಪ್ರಿನ್ಸಿಪಾಲರ ಭಾವಚಿತ್ರಗಳಿಗೆಲ್ಲ ಹೊಸದಾಗಿ ರೆಪ್ಪೆ ಬರೆಯುವುದು ವಾಡಿಕೆ. ವರ್ಷವಿಡೀ ಕಣ್ಣು ಮಿಟುಕಿಸಿ ಮಿಟುಕಿಸಿ ಅಲ್ಲಿನ ಬಣ್ಣ ಸವೆದಿರುತ್ತದೆ. ಈ ಸಲ ಆ ಕೆಲಸ ಇಂದುಮತಿಯ ಪಾಲಿಗೆ ಬಂದಿತ್ತು. ಅವಳು ನೇರ ದೇಸಾಯಿ ಮಾಸ್ತರರ ಚಿತ್ರದ ಮುಂದೆ ಹೋಗಿ ನಿಂತಳು. ವಿದ್ಯಾರ್ಥಿನಿಯಾಗಿದ್ದಾಗ ಅವಳು ಬರೆದ ಚಿತ್ರಕ್ಕೆ ತಮ್ಮ ಸಹಿ ಹಾಕಿಕೊಂಡು ಪದಕ ಗೆದ್ದವರು ಇವರೇ. ಪದಕ ಕೊಟ್ಟ ಸಭೆಯಲ್ಲಿ ಅವಳೂ ಚಪ್ಪಾಳೆ ತಟ್ಟಬೇಕಾಗಿ ಬಂದಿತ್ತು.

“ಕಣ್ಣು ಉರೀತಾವ, ಲಗೂ ಬರಿಯವ್ವಾ,” ಅಂದರು ಮಾಸ್ತರರು ಚೌಕಟ್ಟಿನೊಳಗಿಂದ.

ಇಂದುಮತಿ ಅಳಿದುಳಿದ ರೆಪ್ಪೆಯನ್ನೂ ಕೆರೆದು ತೆಗೆದಳು. ಆಮೇಲೆ ಪದಕ ಗೆದ್ದ ತನ್ನ ಆ ಚಿತ್ರವನ್ನು ಶಾಲೆಯ ಸಭಾಂಗಣದಿಂದ ತಂದು, ಅವರ ಸಹಿ ಅಳಿಸಿ ತನ್ನ ಹೆಸರು ಬರೆದು, ಎದುರು ಗೋಡೆಗೆ ತೂಗುಹಾಕಿದಳು.

“ರೆಪ್ಪಿ ಬರಿಯವ್ವಾ!” ಕಣ್ಣು ಮುಚ್ಚಲಾರದೆ ಮಾಸ್ತರರು ಅಂಗಲಾಚಿದರು.

“ಬಣ್ಣ ತೀರೇತ್ರಿ ಸರ,” ಅಂದಳು ಇಂದುಮತಿ. “ನನ್ನ ಹೆಸರು ಅಲ್ಲಿಂದ ನೆಟ್ಟಗ ಕಾಣತೈತೇನ್ರಿ?”