ದಾನಿಯ ಹೆಸರು

ಇದನ್ನು ಓದಿ ನಿಮಗೆ ಸಿಟ್ಟು ಬಂದರೆ ಬರಲಿ... ನನ್ನದಂತೂ ಇನ್ನೂ ಇಳಿದಿಲ್ಲ.

ನಾನು ಮಕ್ಕಳ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಒಂದೂವರೆ ವರ್ಷದ ಹುಡುಗನಿದ್ದ. ಮೈಯೆಲ್ಲ ಕಜ್ಜಿ, ನಿಲ್ಲದ ಭೇದಿ, ಆ ವಯಸ್ಸಿಗೇ ಇನ್ಸುಲಿನ್...

ಮೂರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಗಂಡು. ಅಜ್ಜಿ ಅವನ ಮಂಚ ಬಿಟ್ಟು ಕದಲುತ್ತಿರಲಿಲ್ಲ.

"ಕೂಸಿಗೆ ಶಕ್ತಿ ಕಡಿಮಿ ಆಗೇತ್ರಿ" ಎನ್ನುತ್ತ ಕದ್ದು ಕಷಾಯ ಕುಡಿಸುತ್ತಿದ್ದರು.

ಡಾಕ್ಟರ್ ರೇಗಿದರು. "ಶಕ್ತಿ ಕಡಿಮೆಯಲ್ಲಮ್ಮ, ಹದ್ದು ಮೀರಿದೆ. ರಕ್ತದ ರಕ್ಷಣಾ ಕಣಗಳು ಹುಟ್ಟುವಾಗ ಎಲ್ಲ ಒಂದೇ. ಆಮೇಲೆ ಕಣದೊಳಗಿನ ಕೆಲವು ಪ್ರೋಟೀನ್‌ಗಳು ಡಿಎನ್‌ಎ ಮೇಲೆ ಕೂತು, ನೀನು ಹೊಡೆದಾಡು, ನೀನು ಜಗಳ ಬಿಡಿಸು ಅಂತ ಕೆಲಸ ಹಚ್ಚುತ್ತವೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂತೀವಿ. ಇವನಲ್ಲಿ ಅಂಥದ್ದೊಂದು ಕೆಟ್ಟಿದೆ. ಜಗಳ ಬಿಡಿಸುವ ಕಣಗಳೇ ತಯಾರಾಗುತ್ತಿಲ್ಲ. ಹೊಡೆದಾಡುವವು ಇವನ ಕರುಳನ್ನೇ ತಿನ್ನುತ್ತಿವೆ."

ಉಳಿಸಲು ಇದ್ದ ದಾರಿ ಒಂದೇ... ಈ ಕಣಗಳು ಹುಟ್ಟುವ ಅಸ್ಥಿಮಜ್ಜೆಯನ್ನೇ ಇನ್ನೊಬ್ಬರಿಂದ ಪಡೆದು ಹಾಕುವುದು.

ಮನೆಯವರನ್ನೆಲ್ಲ ಪರೀಕ್ಷಿಸಿದೆವು. ಪೂರ್ತಿ ಮ್ಯಾಚ್ ಆದದ್ದು ಮೂರನೇ ಅಕ್ಕನದು. ಹನ್ನೊಂದು ವರ್ಷದ ಹುಡುಗಿ.

ಫಾರ್ಮ್ ತುಂಬುತ್ತ ಕೇಳಿದೆ, "ದಾನಿಯ ಹೆಸರು?"

ಅಜ್ಜಿ ತಡವರಿಸಿದರು. "ಸಾಕವ್ವ..."

ಹೆಣ್ಣು ಹುಟ್ಟಿದ್ದು ಇನ್ನು ಸಾಕು ಎಂದು ದೇವರಿಗೆ ತಿಳಿಸಲು ಇಡುವ ಹೆಸರು. ತೊಟ್ಟಿಲ ಕೂಸಿನ ಕಿವಿಯಲ್ಲಿ, ನೀನು ಬೇಡವಾಗಿತ್ತು ಎಂದು ಊದಿದ ಹಾಗೆ. ನನಗೆ ಮೈ ಉರಿಯಿತು.

"ಯಾರು ಇಟ್ಟಿದ್ದು ಇದನ್ನ?" ಎಂದೆ. ದನಿ ಏರಿತ್ತು.

"ನಾನೇ ಇಟ್ಟೇನ್ರಿ... ಅದು ಬ್ಯಾಡ್ರಿ ಅವ್ವಾ, ಬ್ಯಾರೆ ಚಲೋ ಹೆಸರು ಬರಕೋರಿ."

ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ಹುಡುಗಿ ಮುಂದೆ ಬಂದಳು.

"ಅದೇ ಹೆಸರು ಬರೀರಿ ಸಿಸ್ಟರ್. ಸಾಲ್ಯಾಗ ಎಲ್ಲಾರೂ ಆ ಹೆಸರಿಗೆ ನಗತಾರ್ರಿ. ಹಂಗ ನಗಿಸ್ಕೊಂಡಾಕಿನೇ ಕೊಟ್ಟಾಳ ಅಂತ ಗೊತ್ತಾಗ್ಲಿ."

ಅಜ್ಜಿಯತ್ತ ತಿರುಗಿದಳು. "ನಾ ಕೊಡೂದು ನನ್ನ ತಮ್ಮಗ, ಆಯಿ. ನಿನಗಲ್ಲ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಹುಡುಗಿ ಸಮಾಧಾನ ಮಾಡಲಿಲ್ಲ... ನಾನೂ ಮಾಡಲಿಲ್ಲ.

ಮಜ್ಜೆ ಹಾಕಿದ ಐದು ತಿಂಗಳ ಮೇಲೆ ರಿಪೋರ್ಟ್ ಬಂತು. ಹುಡುಗನ ರಕ್ತದಲ್ಲಿ ಜಗಳ ಬಿಡಿಸುವ ಕಣಗಳು ತಯಾರಾಗುತ್ತಿದ್ದವು. ಎಲ್ಲವೂ ಅಕ್ಕನ ಮಜ್ಜೆಯಿಂದ ಬಂದವು.

ಮನೆಯವರು ಈಗ ಅವಳನ್ನು ದೇವತೆ ಎನ್ನುತ್ತಾರಂತೆ. ಕೇಳಿ ನನಗೆ ಮತ್ತೆ ಸಿಟ್ಟೇ ಬಂತು.

*ಉಪಯೋಗಕ್ಕೆ ಬಂದ ಮೇಲೆ ಕೊಡುವುದು ಪ್ರೀತಿಯಲ್ಲ... ಅದನ್ನು ಹುಟ್ಟಿದ ದಿನವೇ ಕೊಡಬೇಕಿತ್ತು.*

ಮಜ್ಜೆ ಮ್ಯಾಚ್ ಆಗದ ಇನ್ನಿಬ್ಬರು ಅಕ್ಕಂದಿರನ್ನು ಆ ಮನೆಯಲ್ಲಿ ಈಗ ಏನೆಂದು ಕರೆಯುತ್ತಿರಬಹುದು... ಯೋಚಿಸಿದ್ದೀರಾ?