ಹೆದರಿಕೆ ಇಳಿಸುವ ಹನಿ

ಕರೆಂಟು ಕಂಬ ಹತ್ತುವುದರಲ್ಲಿ ಮೂರು ಲೋಕದಲ್ಲೂ ನನಗೆ ಸಾಟಿಯಿಲ್ಲ. ಹನ್ನೊಂದು ಸಲ ಶಾಕ್ ಹೊಡೆದಿತ್ತು. ಒಮ್ಮೆ ಹಾರಿ ಪಕ್ಕದ ತಾಲ್ಲೂಕಿನಲ್ಲಿ ಬಿದ್ದಿದ್ದೆ. ಆದರೂ ಭಯವಿರಲಿಲ್ಲ. ಹೆದರಿದ ಗಂಟೆಯೊಳಗೆ ಸರ್ಕಾರ ಕೊಡುವ ಔಷಧಿಯ ಒಂದು ಹನಿ ನಾಲಿಗೆಗೆ ಬಿದ್ದರೆ ಎದೆಬಡಿತ ಇಳಿದು, ಹೆದರಿಕೆ ನೆನಪಿಗೆ ಅಂಟುವುದಿಲ್ಲ. ಎಲ್ಲರ ಮನೆಯಲ್ಲೂ ಉಪ್ಪಿನ ಡಬ್ಬಿಯ ಪಕ್ಕ ಅದರ ಸೀಸೆ ಇರುತ್ತದೆ.

ಹನ್ನೆರಡನೆಯ ಸಲ ಹೊಡೆಸಿಕೊಂಡು ಮನೆಗೆ ಬಂದರೆ, ಹೆಂಡತಿ ನೀಲವ್ವ ಸೀಸೆಯನ್ನು ಬಚ್ಚಲಿಗೆ ಸುರಿದಳು.

"ಲೈನ್ ಬಂದ್ ಮಾಡಸೂದು ಪ್ರತಿ ಸಲ ಮರೀತೀರಿ. ಈ ಸಲದ ಹೆದರಿಕಿ ಇರ್ಲಿ. ನನಗ ಗಂಡ ಬೇಕು."

ಮರುದಿನ ಕಂಬ ಮುಟ್ಟದೆ ಬುಡದಲ್ಲೇ ನಿಂತೆ. ಕರೆಂಟು ಸ್ಟೇಷನ್ನಿಗೆ ಫೋನ್ ಮಾಡಿ, ಲೈನ್ ಬಂದ್ ಆಗಿದೆಯೇ ಎಂದು ನಾಲ್ಕು ಸಲ ಕೇಳಿದೆ.

"ಏನೋ ಫಕೀರಪ್ಪ, ಹೆದರೀಯೇನ?" ಎಂದ ಆಪರೇಟರ್.

"ಹೌದಲೇ! ಮೂರು ಲೋಕದಾಗ ನನ್ನಷ್ಟು ಹೆದರಾವ ಯಾವನೂ ಇಲ್ಲ!"